ಓಡದ ಕಾರಿನ ಬೆಲೆ

ಎತ್ತಿಗೆ ವಯಸ್ಸಾದರೆ ಸಂತೆಯಲ್ಲಿ ಅದರ ಬೆಲೆ ಇಳಿಯುತ್ತದೆ. ಕುದುರೆ ಕುಂಟಿದರೆ ಕೇಳುವವರೇ ಇಲ್ಲ. ಕೊಂಡ ಮರುದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುವ ವಸ್ತುಗಳಲ್ಲಿ ಮೋಟಾರು ಕಾರು ಮೊದಲನೆಯದೆಂಬುದು ಕಾರು ಕೊಂಡವರೆಲ್ಲರ ಅನುಭವ. ಈ ಲೋಕನಿಯಮವನ್ನು ಮೀರಿ ನಿಂತ ಜಾತಿಯೊಂದುಂಟು. ಅದು ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರು. ಅರವತ್ತು ವರ್ಷ ತುಂಬಿ, ಇಪ್ಪತ್ತು ವರ್ಷ ಷೆಡ್ಡಿನಲ್ಲಿ ನಿಂತು, ಎಂಜಿನ್ನು ಕೆಟ್ಟು, ಸ್ವಂತ ಬಲದಿಂದ ಒಂದು ಗಜ ದೂರವೂ ಚಲಿಸಲಾರದ ಇಂಥ ಕಾರಿಗೆ ಓಡುವ ಹೊಸ ಕಾರಿಗಿಂತ ಹೆಚ್ಚಿನ ಹಣ ಎಣಿಸಿಕೊಡುವವರು ಯೂರೋಪು ಅಮೆರಿಕಗಳಲ್ಲಿ ಅನೇಕರಿದ್ದಾರೆ. ಆದರೆ ಆ ಹಣ ಮಾರುವವನ ಕೈಗೆ ಪೂರ್ತಿಯಾಗಿ ಬರುವುದೋ, ಅರ್ಧ ದಾರಿಯಲ್ಲೇ ಸೋರಿಹೋಗುವುದೋ ಎಂಬುದು ಅವನ ವಿವೇಕವನ್ನು ಅವಲಂಬಿಸಿದೆ.

ಮಿಲಾನಿನಲ್ಲಾಗಲಿ, ಟೂರಿನ್ನಿನಲ್ಲಾಗಲಿ, ಲಂಡನ್ನಿನ ಹೊರವಲಯದಲ್ಲಾಗಲಿ ಈ ಪ್ರಸಂಗದ ಸ್ವರೂಪ ಒಂದೇ. ಮನೆಯ ಹಿರಿಯ ತನ್ನ ಯೌವನದಲ್ಲಿ ಆಸೆಪಟ್ಟು ಇಬ್ಬರು ಕೂರುವ ತೆರೆದ ಕಾರೊಂದನ್ನು ಕೊಂಡಿರುತ್ತಾನೆ. ಮದುವೆಯಾದ ಹೊಸದರಲ್ಲಿ ಅದರಲ್ಲಿ ಸಮುದ್ರತೀರಕ್ಕೆ ಹೋಗಿಬಂದದ್ದೂ ಉಂಟು. ಮಕ್ಕಳಾದ ಮೇಲೆ ಇಬ್ಬರು ಕೂರುವ ಕಾರಿನಿಂದ ಸಂಸಾರಕ್ಕೇನು ಪ್ರಯೋಜನ? ಅದು ಷೆಡ್ಡು ಸೇರುತ್ತದೆ. ‘ಮುಂದಿನ ವರ್ಷ ಎಂಜಿನ್ನು ಬಿಚ್ಚಿಸುತ್ತೇನೆ’ ಎಂದು ಆತ ಪ್ರತಿವರ್ಷವೂ ಹೇಳುತ್ತಾನೆ. ಆ ಮುಂದಿನ ವರ್ಷ ಬಾರದೆ ಆತನೇ ತೀರಿಕೊಳ್ಳುತ್ತಾನೆ. ಉತ್ತರಕ್ರಿಯೆಗಳು ಮುಗಿದ ಮೇಲೆ ಮಕ್ಕಳು ಷೆಡ್ಡಿನ ಬೀಗ ತೆಗೆದು, ಕ್ಯಾನ್ವಾಸು ಸರಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮಾರಲೇಬೇಕು, ಮೂವರು ಮಕ್ಕಳಿಗೆ ಕಾರು ಒಂದೇ. ‘ಎಂಜಿನ್ನು ಸರಿಮಾಡಿಸಿ ಮಾರಿದರೆ ಎರಡರಷ್ಟು ಬರುತ್ತದೆ’ ಎನ್ನುತ್ತಾನೆ ಅಳಿಯ. ‘ಬಂದಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳಿ’ ಎನ್ನುತ್ತಾನೆ ನೆರೆಯವನು. ಇಬ್ಬರ ಸಲಹೆಯೂ ನಷ್ಟದ ದಾರಿಯೇ.

ಮಧ್ಯಮವರ್ಗದ ಮನೆಗಳ ಷೆಡ್ಡುಗಳಲ್ಲಿ ಸಿಕ್ಕಬಹುದಾದ ಇಂಥ ಕಾರುಗಳಲ್ಲಿ ಆಲ್ಫಾ ರೋಮಿಯೊ ಸಂಸ್ಥೆಯ ಜುಲಿಯೆಟ್ಟಾ ಒಳ್ಳೆಯ ಉದಾಹರಣೆ. ಸಂಸ್ಥೆಯ ಹೆಸರಿನಲ್ಲಿ ರೋಮಿಯೊ ಇರುವಾಗ ಕಾರಿಗೆ ಜೂಲಿಯೆಟ್ಟಳ ಹೆಸರನ್ನಿಟ್ಟದ್ದು ಷೇಕ್ಸ್‌ಪಿಯರನನ್ನು ಓದಿದವರಿಗೆ ಸಹಜವೆನಿಸೀತು. 1954ರಲ್ಲಿ ಟೂರಿನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡದ್ದು ಮುಚ್ಚಿದ ಮೈಯ ಕಾರು. ನ್ಯೂಯಾರ್ಕಿನ ಕಾರು ಆಮದುಗಾರ ಮ್ಯಾಕ್ಸ್ ಹಾಫ್‌ಮನ್ನನು ತೆರೆದ ಕಾರು ಬೇಕೆಂದು ಒತ್ತಾಯಪಡಿಸಿದ ಮೇಲೆ 1955ರಲ್ಲಿ ಪಿನಿನ್ ಫರೀನಾ ರೂಪಿಸಿದ ಸ್ಪೈಡರ್ ಬಂದಿತು. ಈ ಜುಲಿಯೆಟ್ಟಾ ಸ್ಪೈಡರುಗಳು ಸುಮಾರು 17,000 ತಯಾರಾದವು. ಎಂಜಿನ್ನಿನ ಗಾತ್ರ ಕೇವಲ 1290 ಘನ ಸೆಂಟಿಮೀಟರು, ಮೊದಲಿನ ಸಾಧಾರಣ ಮಾದರಿಯ ಶಕ್ತಿ 65 ಅಶ್ವಬಲ. ಆದರೆ ಅದರ ರಚನೆ ನೋಡುವಂಥದು. ಬ್ಲಾಕು ಅಲ್ಯುಮಿನಿಯಮ್ಮಿನದು, ಹೆಡ್ಡೂ ಅಲ್ಯುಮಿನಿಯಮ್ಮಿನದು, ತಲೆಯ ಮೇಲೆ ಸರಪಣಿಯಿಂದ ತಿರುಗುವ ಎರಡು ಕ್ಯಾಮ್‌ಶಾಫ್ಟುಗಳು. ಪಂದ್ಯದ ಕಾರುಗಳಿಗೆ ಮೀಸಲಾಗಿದ್ದ ಈ ವೈಭವವನ್ನು ಆಲ್ಫಾದವರು ಗುಮಾಸ್ತನ ಕೈಗಲ್ಲದಿದ್ದರೂ ವೈದ್ಯನ, ವಕೀಲನ ಕೈಗೆ ಎಟುಕುವಂತೆ ಮಾಡಿದರು.

ಷೆಡ್ಡಿನ ಬೀಗ ತೆಗೆದವರ ತಲೆ ತಿರುಗಿಸುವ ಕಥೆಗಳು ಎರಡಿವೆ. ಎರಡೂ ನಿಜ.

ಫ್ರಾನ್ಸಿನಲ್ಲಿ ರೊಜೆ ಬಯೋಂ ಎಂಬ ಲಾರಿ ಸಾಗಣೆಯ ಉದ್ಯಮಿಯಿದ್ದ. ಹಳೆಯ ಕಾರುಗಳ ಸಂಗ್ರಹಾಲಯವೊಂದನ್ನು ಕಟ್ಟಬೇಕೆಂಬ ಕನಸಿನಿಂದ ಆತ ಕಾರುಗಳನ್ನು ಕೂಡಿಸಿದ. 1970ರ ದಶಕದಲ್ಲಿ ಉದ್ಯಮ ಕುಸಿಯಿತು, ಕನಸು ನಿಂತಿತು, ಕಾರುಗಳು ಪಶ್ಚಿಮ ಫ್ರಾನ್ಸಿನ ಎಸ್ಟೇಟಿನ ಷೆಡ್ಡುಗಳಲ್ಲಿ ತುಕ್ಕು ಹಿಡಿಯುತ್ತ ನಿಂತವು. ಮೊಮ್ಮಕ್ಕಳ ಕಾಲಕ್ಕೆ, 2014ರಲ್ಲಿ, ಪ್ಯಾರಿಸ್ಸಿನ ಹರಾಜು ಸಂಸ್ಥೆಯವರು ಬಂದು ನೋಡಿದಾಗ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ 1961ರ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಒಂದು ಮುಗುಮ್ಮಾಗಿ ನಿಂತಿತ್ತು. ಚಿತ್ರನಟ ಅಲೇನ್ ದೆಲೋಂ ಒಂದು ಕಾಲದಲ್ಲಿ ಓಡಿಸುತ್ತಿದ್ದ ಕಾರದು. ಸಂಸ್ಥೆಯವರು ಎಂಜಿನ್ನಿಗೆ ಕೈ ಹಾಕಲಿಲ್ಲ, ಬಣ್ಣ ಬಳಿಯಲಿಲ್ಲ. ಧೂಳಿನೊಡನೆಯೇ ಅದನ್ನು ಪ್ರದರ್ಶನಕ್ಕಿಟ್ಟರು. 2015ರ ಫೆಬ್ರವರಿಯಲ್ಲಿ ಅದು 1 ಕೋಟಿ 60 ಲಕ್ಷ ಯೂರೋಗಳಿಗೂ ಮೀರಿ ಮಾರಾಟವಾಯಿತು. ಅದರ ಪಕ್ಕದಲ್ಲಿದ್ದ ಮಸೆರಾಟಿಯೊಂದಕ್ಕೆ ಸುಮಾರು 20 ಲಕ್ಷ ಯೂರೋ ಬಂದಿತು. (ಅಂದಿನಿಂದ ಧೂಳೂ ಒಂದು ಅಲಂಕಾರವೆನಿಸಿದೆ, ಕಾರು ಮಾರುವವರು ಒರೆಸುವ ಬಟ್ಟೆಯನ್ನು ಅಡಗಿಸಿಡುವ ಕಾಲ ಬಂದಿದೆ.)

ಎರಡನೆಯ ಕಥೆ ಅಮೆರಿಕದ್ದು. ಟೆಕ್ಸಾಸಿನ ವಿಕ್ಟೋರಿಯಾ ಎಂಬ ಊರಿನ ಪ್ರೌಢಶಾಲೆಗೆ 1960ರ ದಶಕದಲ್ಲಿ ಯಾರೋ ಫೆರಾರಿ 250 ಜಿಟಿಒ ಕಾರೊಂದನ್ನು ದಾನವಾಗಿ ಕೊಟ್ಟರು. ಮಕ್ಕಳು ಮೋಟಾರು ಕೆಲಸ ಕಲಿಯಲೆಂದು ಕೊಟ್ಟದ್ದು. 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು. ಕೊಂಡವನ ಬಳಿ ಅದು ಒಹಾಯೊದ ಹೊಲವೊಂದರಲ್ಲಿ ಟ್ರೇಲರಿನ ಮೇಲೆ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ವರ್ಷಗಟ್ಟಲೆ ನಿಂತಿತ್ತು. ಆ ಮಾದರಿಯ ಕಾರುಗಳು ತಯಾರಾದದ್ದು 36 ಮಾತ್ರ. 2018ರಲ್ಲಿ ಅವುಗಳಲ್ಲಿ ಇನ್ನೊಂದು ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು.

ಮುವ್ವತ್ತಾರಕ್ಕೂ ಹದಿನೇಳು ಸಾವಿರಕ್ಕೂ ಇರುವ ಅಂತರವನ್ನು ಮರೆತವರು ತಮ್ಮ ಷೆಡ್ಡಿನಲ್ಲೂ ಅಂಥದೇ ನಿಧಿಯಿದೆಯೆಂದು ಭಾವಿಸಿ ಬಂದ ಗಿರಾಕಿಗಳನ್ನೆಲ್ಲ ಹಿಂದಕ್ಕೆ ಕಳುಹಿಸುತ್ತಾರೆ. ಜುಲಿಯೆಟ್ಟಾ ಸ್ಪೈಡರಿಗೂ ಒಳ್ಳೆಯ ಬೆಲೆಯಿದೆ. ಆದರೆ ಅದು ಮನುಷ್ಯರ ಬೆಲೆ, ದೇವತೆಗಳದಲ್ಲ. ಇಲ್ಲಿ ಎಂಜಿನ್ನಿನ ದುರಸ್ತಿಯ ವೆಚ್ಚ ಬೆಲೆಯ ದೊಡ್ಡದೊಂದು ಅಂಶವಾಗುವುದರಿಂದ ಲೆಕ್ಕ ಹಾಕದೆ ಗತ್ಯಂತರವಿಲ್ಲ.

ಲೆಕ್ಕಕ್ಕೆ ಮೊದಲು ರೋಗವೇನೆಂದು ತಿಳಿಯಬೇಕು. ‘ಎಂಜಿನ್ನು ಹೋಗಿದೆ’ ಎಂಬುದು ರೋಗದ ಹೆಸರಲ್ಲ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಬ್ಯಾಟರಿ ಜೋಡಿಸಿ ಒಮ್ಮೆಲೇ ತಿರುಗಿಸುವುದು ಮಹಾಪರಾಧ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ರಂಧ್ರಗಳಿಂದ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಬಿಟ್ಟು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ತಿರುಗಿದರೆ ಅರ್ಧ ಭಯ ಕಳೆಯಿತು. ಆಮೇಲೆ ಪ್ಲಗ್ಗಿನ ರಂಧ್ರಕ್ಕೆ ಮಾಪಕ ಜೋಡಿಸಿ ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾರೆ. ಇಲ್ಲಿ ಅಂಕಿ ಎಷ್ಟು ಎಂಬುದಕ್ಕಿಂತ ನಾಲ್ಕೂ ಸಿಲಿಂಡರುಗಳಲ್ಲಿ ಸಮನಾಗಿದೆಯೇ ಎಂಬುದು ಮುಖ್ಯ. ಒಂದರಲ್ಲಿ ಒತ್ತಡ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ದೋಷ ಪಿಸ್ಟನ್ನಿನ ರಿಂಗುಗಳಲ್ಲಿ, ಏರದಿದ್ದರೆ ವಾಲ್ವುಗಳಲ್ಲಿ.

ಇದಕ್ಕಿಂತ ಸೊಗಸಾದ ಪರೀಕ್ಷೆ ಇನ್ನೊಂದುಂಟು. ಸಿಲಿಂಡರಿನೊಳಕ್ಕೆ ಅದುಮಿದ ಗಾಳಿಯನ್ನು ಬಿಟ್ಟು ಕಿವಿಗೊಟ್ಟು ಕೇಳುವುದು. ಕಾರ್ಬುರೇಟರಿನಲ್ಲಿ ‘ಸುಂಯ್’ ಎಂದರೆ ಒಳವಾಲ್ವು ಸೋರುತ್ತಿದೆ. ಹೊಗೆಕೊಳವೆಯಲ್ಲಿ ಕೇಳಿದರೆ ಹೊರವಾಲ್ವು. ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿಸಿದರೆ ರಿಂಗುಗಳು ಸವೆದಿವೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆಯೆದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇನ್ನು ಎಣ್ಣೆಯಲ್ಲಿ ನೀರು ಬೆರೆತು ಮಜ್ಜಿಗೆಯಂತಾಗಿದ್ದರೆ ಗಾಬರಿಪಡಬೇಕಾದದ್ದೇ. ಆದರೆ ಮುಚ್ಚಳದ ಒಳಬದಿಗೆ ಮಾತ್ರ ಅಂಟಿದ ತೆಳು ಕೆನೆ ಬರಿಯ ತೇವವೂ ಆಗಿರಬಹುದು. ಈ ಪರೀಕ್ಷೆಗಳಿಗೆ ಒಬ್ಬ ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ದಿನ ಸಾಕು. ಮಾರುವವನು ಮಾಡಬೇಕಾದ ಖರ್ಚುಗಳಲ್ಲಿ ಇದೊಂದು ಮಾತ್ರ ನಿಸ್ಸಂದೇಹವಾಗಿ ಮರಳಿ ಬರುತ್ತದೆ. ಪರೀಕ್ಷೆಯ ಅಂಕಿಗಳನ್ನು ಬರೆದ ಕಾಗದ ಕೈಯಲ್ಲಿದ್ದರೆ ಗಿರಾಕಿಯ ಕಲ್ಪನೆಗೆ ಲಗಾಮು ಬೀಳುತ್ತದೆ. ಅದಿಲ್ಲದಿದ್ದರೆ ಅವನು ಅತ್ಯಂತ ಕೆಟ್ಟದ್ದನ್ನೇ ಊಹಿಸಿಕೊಂಡು ಬೆಲೆ ಕಟ್ಟುತ್ತಾನೆ.

ರೋಗ ದೊಡ್ಡದೆಂದು ಗೊತ್ತಾಯಿತೆನ್ನೋಣ. ದುರಸ್ತಿ ಮಾಡಿಸಿಯೇ ಮಾರಬಾರದೇಕೆ?

ಆಲ್ಫಾ ಎಂಜಿನ್ನಿನ ಗುಣವೂ ಅವಗುಣವೂ ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ಅದರ ಸಿಲಿಂಡರುಗಳು ಬ್ಲಾಕಿನಲ್ಲೇ ಕೊರೆದವುಗಳಲ್ಲ. ಬೀಡುಕಬ್ಬಿಣದ ಕೊಳವೆಗಳನ್ನು, ಅಂದರೆ ಲೈನರುಗಳನ್ನು, ಬ್ಲಾಕಿನೊಳಗೆ ಇಳಿಬಿಟ್ಟು ಅವುಗಳ ಸುತ್ತ ನೀರು ಹರಿಯುವಂತೆ ಮಾಡಿದ್ದಾರೆ. ಹಾಗಾಗಿ ಸವೆದಾಗ ಬೋರಿಂಗ್ ಮಾಡಿಸುವ ಪ್ರಮೇಯವಿಲ್ಲ. ಹಳೆಯ ಲೈನರುಗಳನ್ನೆಳೆದು, ಪಿಸ್ಟನ್ನುಗಳ ಸಮೇತ ಹೊಸ ಜೊತೆಯನ್ನು ಕೂರಿಸಿದರಾಯಿತು. ಈ ಎಂಜಿನ್ನಿನ ವಂಶ ಸುಮಾರು 40 ವರ್ಷ ಬಾಳಿದ್ದರಿಂದ ಬಿಡಿಭಾಗಗಳಿಗೆ ಕೊರತೆಯಿಲ್ಲ. ಹನ್ನೆರಡು ಸಿಲಿಂಡರಿನ ಫೆರಾರಿಯವನ ಪಾಡು ನೋಡಿದರೆ ಆಲ್ಫಾದವನು ಪುಣ್ಯವಂತ. ಅಲ್ಲಿ ಹನ್ನೆರಡು ಪಿಸ್ಟನ್ನು, ಇಪ್ಪತ್ತನಾಲ್ಕು ವಾಲ್ವು. ಬೆಲೆಯೂ ಅದಕ್ಕೆ ತಕ್ಕಂತೆ.

ಆದರೆ ಬಿಚ್ಚುವ ಮೊದಲು ಒಳಗೇನಿದೆಯೆಂದು ಬ್ರಹ್ಮನೂ ಹೇಳಲಾರ. ಉಕ್ಕಿನ ಸ್ಟಡ್ಡುಗಳ ಮೇಲೆ ಕೂತ ಅಲ್ಯುಮಿನಿಯಮ್ ಹೆಡ್ಡು ಹಳೆಯ ನೀರಿನಿಂದ ಕರಕುಗಟ್ಟಿ ಬಿಡಿಸಲಾಗದಂತೆ ಅಂಟಿಕೊಳ್ಳುವುದುಂಟು. ಅದನ್ನು ಗಾಯವಾಗದಂತೆ ಮೇಲೆತ್ತಲು ಎಣ್ಣೆ, ಬಿಸಿ, ತಾಳ್ಮೆ ಇವುಗಳೊಂದಿಗೆ ವಾರಗಳೇ ಹಿಡಿಯಬಹುದು. ಲೈನರಿನ ತುದಿ ಬ್ಲಾಕಿನ ಮಟ್ಟಕ್ಕಿಂತ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಮೇಲಿರಬೇಕು. ಹೆಚ್ಚುಕಡಿಮೆಯಾದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲದು. ವಾಲ್ವುಗಳ ಸಂದನ್ನು ಸರಿಪಡಿಸಲು ಸ್ಕ್ರೂ ಇಲ್ಲ. ಪ್ರತಿಯೊಂದು ವಾಲ್ವಿನ ತಲೆಯ ಮೇಲೂ ಬೇರೆ ಬೇರೆ ದಪ್ಪದ ಪುಟ್ಟ ಬಿಲ್ಲೆಗಳನ್ನಿಟ್ಟು ಅಳೆದು, ತೆಗೆದು, ಮತ್ತೆ ಇಟ್ಟು ಹೊಂದಿಸಬೇಕು. ಕ್ರ್ಯಾಂಕ್‌ಶಾಫ್ಟನ್ನು ಸಾಣೆ ಹಿಡಿಸಿದರೆ ಬೇರಿಂಗುಗಳೆಲ್ಲ ಹೊಸವು. ಬ್ಲಾಕಿನಲ್ಲಿ ಬಿರುಕು ಕಂಡರಂತೂ ಮೊದಲಿನ ಅಂದಾಜುಪಟ್ಟಿಯನ್ನು ಹರಿದೆಸೆಯಬಹುದು.

ಸುಲಭಕ್ಕಾಗಿ ಒಂದು ಕಲ್ಪಿತ ಲೆಕ್ಕ ಹಾಕೋಣ. ಸುಸ್ಥಿತಿಯಲ್ಲಿರುವ ಕಾರಿಗೆ 100 ಬೆಲೆಯೆಂದೂ, ಎಂಜಿನ್ನಿನ ಕೆಲಸಕ್ಕೆ 20 ಅಂದಾಜೆಂದೂ, ಇದ್ದಂತೆಯೇ ಮಾರಿದರೆ 70 ಬರುವುದೆಂದೂ ಇಟ್ಟುಕೊಳ್ಳೋಣ. ಕಾಗದದ ಮೇಲೆ ದುರಸ್ತಿಯಿಂದ 10 ಲಾಭ. ಅಳಿಯ ಹೇಳುವುದು ಇದನ್ನೇ. ಆದರೆ ಬಿಚ್ಚಿದ ಮೇಲೆ 20 ಇದ್ದದ್ದು 30 ಆದರೆ ಲಾಭ ಸೊನ್ನೆ. ನಡುವೆ ಕಳೆದ ತಿಂಗಳುಗಳು, ಷೆಡ್ಡಿನ ಬಾಡಿಗೆ, ಅಣ್ಣತಮ್ಮಂದಿರ ಮುನಿಸು ಬೇರೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮಾರುವುದಕ್ಕೆಂದೇ ಮಾಡಿಸಿದ ದುರಸ್ತಿಯನ್ನು ಬಲ್ಲ ಗಿರಾಕಿ ನಂಬುವುದಿಲ್ಲ. ಅಗ್ಗದ ರಿಂಗು ಹಾಕಿಸಿ ಹೊಗೆ ಮರೆಸಿರಬಹುದೆ ಎಂದು ಅನುಮಾನಿಸಿ 100ರ ಬದಲು 90 ಕೇಳುತ್ತಾನೆ. ಅವನಿಗೆ ತಾನು ನಂಬಿದ ಮೆಕ್ಯಾನಿಕ್ಕು ತನ್ನ ಕಣ್ಣೆದುರಿಗೆ ಮಾಡಿದ ಕೆಲಸವೇ ಬೇಕು. ಆದ್ದರಿಂದ ದೊಡ್ಡ ದುರಸ್ತಿಯನ್ನು ಕೊಳ್ಳುವವನಿಗೇ ಬಿಡುವುದು ಮೇಲು.

ಚಿಕ್ಕ ದೋಷದ ವಿಷಯ ಬೇರೆ. ಪೆಟ್ರೋಲು ಪಂಪು ಕಟ್ಟಿಕೊಂಡೋ, ಕಾರ್ಬುರೇಟರಿನಲ್ಲಿ ಕಸ ಸೇರಿಯೋ ಕಾರು ನಿಂತಿದ್ದರೆ ಸರಿಪಡಿಸದೆ ಮಾರುವುದು ದಡ್ಡತನ. ಹೊಗೆಯುಗುಳುತ್ತಲಾದರೂ ಸರಿ, ಓಡುವ ಕಾರಿಗೂ ಓಡದ ಕಾರಿಗೂ ಬೆಲೆಯಲ್ಲಿರುವ ವ್ಯತ್ಯಾಸ ಪಂಪಿನ ಬೆಲೆಗಿಂತ ಎಷ್ಟೋ ಪಾಲು ದೊಡ್ಡದು.

ದುರಸ್ತಿಗಿಂತ ಅಪಾಯಕಾರಿಯಾದ ಇನ್ನೊಂದು ಉಪಾಯವನ್ನು ಗ್ಯಾರೇಜಿನವರು ಸೂಚಿಸುವುದುಂಟು: ಕೆಟ್ಟ ಎಂಜಿನ್ನನ್ನು ಗುಜರಿಗೆ ಹಾಕಿ ಅದೇ ವಂಶದ ಮುಂದಿನ ಕಾಲದ ಎಂಜಿನ್ನನ್ನು ಕೂರಿಸುವುದು. ಅಲ್ಪಸ್ವಲ್ಪ ಮಾರ್ಪಾಡಿನಿಂದ ಅದು ಕೂರುತ್ತದೆ, ಕಾರು ಮೊದಲಿಗಿಂತ ಚುರುಕಾಗಿ ಓಡುತ್ತದೆ, ಬೆಲೆ ಮಾತ್ರ ಬಿದ್ದುಹೋಗುತ್ತದೆ. ಇಂಥ ಕಾರಿನ ಪ್ರಾಣ ಅದರ ಸಂಖ್ಯೆಯಲ್ಲಿದೆ. ಕಾರ್ಖಾನೆಯಲ್ಲಿ ಹುಟ್ಟಿದಾಗ ಚಾಸಿಗೊಂದು, ಎಂಜಿನ್ನಿನ ಬ್ಲಾಕಿಗೊಂದು ಸಂಖ್ಯೆಯನ್ನು ಕೆತ್ತುತ್ತಾರೆ. ಹುಟ್ಟಿದ ಎಂಜಿನ್ನೇ ಇನ್ನೂ ಜೊತೆಯಲ್ಲಿದ್ದರೆ ಗಿರಾಕಿ ಕೊಡುವ ಬೆಲೆಯೇ ಬೇರೆ. ಕೆಟ್ಟ ಎಂಜಿನ್ನನ್ನು ಹಣ ಕೊಟ್ಟು ಸರಿಮಾಡಿಸಬಹುದು. ಕಳೆದುಹೋದ ಬ್ಲಾಕನ್ನು ಯಾವ ಹಣಕ್ಕೂ ತರಲಾಗದು. ಬಿರುಕುಬಿಟ್ಟ ಅಲ್ಯುಮಿನಿಯಮ್ ಬ್ಲಾಕನ್ನು ಬೆಸೆಯಬಲ್ಲ ಕುಶಲಿಗಳೂ ಇದ್ದಾರೆ. ತಂದೆ ಎಂದೋ ಎಂಜಿನ್ನು ಬದಲಾಯಿಸಿದ್ದರೆ ಷೆಡ್ಡಿನ ಮೂಲೆ, ಅಟ್ಟ, ಹಳೆಯ ಗ್ಯಾರೇಜು ಎಲ್ಲವನ್ನೂ ಹುಡುಕಬೇಕು. ಎಣ್ಣೆ ಮೆತ್ತಿದ ಆ ಲೋಹದ ಮುದ್ದೆ ಮನೆಯ ಬೆಳ್ಳಿ ತಟ್ಟೆಗಳಿಗಿಂತ ಹೆಚ್ಚು ಬಾಳೀತು.

ಸಂಖ್ಯೆಗೆ ಸಾಕ್ಷಿಯೂ ಬೇಕು. ಮಿಲಾನಿನ ಬಳಿಯ ಅರೇಸೆಯಲ್ಲಿ ಆಲ್ಫಾದ ದಾಖಲೆಗಳ ಕೇಂದ್ರವಿದೆ. ಚಾಸಿಯ ಸಂಖ್ಯೆಯನ್ನು ತಿಳಿಸಿ ಬರೆದರೆ ಕಾರು ಎಂದು ತಯಾರಾಯಿತು, ಅದರ ಮೊದಲ ಬಣ್ಣ ಯಾವುದು ಎಂಬಂಥ ವಿವರಗಳ ಪತ್ರವನ್ನು ಪಡೆಯಬಹುದು. ಫೆರಾರಿಯವರೂ ಮರನೆಲ್ಲೋದಲ್ಲಿ ಹಳೆಯ ಕಾರುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವಿಭಾಗವನ್ನಿಟ್ಟಿದ್ದಾರೆ. ಕೆಂಪು ಬಣ್ಣದ ಕಾರೊಂದು ಹುಟ್ಟುವಾಗ ಬಿಳಿಯದಾಗಿತ್ತೆಂದು ಮಕ್ಕಳಿಗೆ ಗೊತ್ತಾಗುವುದು ಕೆಲವೊಮ್ಮೆ ಆ ಪತ್ರ ಬಂದ ಮೇಲೆಯೇ.

ಇನ್ನು ದೋಷವನ್ನು ಹೇಳಬೇಕೇ, ಬೇಡವೇ ಎಂಬ ಪ್ರಶ್ನೆ. ಹೇಳಿದರೆ ಬೆಲೆ ಇಳಿಯುತ್ತದೆಂಬುದು ಸಾಮಾನ್ಯ ನಂಬಿಕೆ. ಇಟಲಿಯ ಕಾನೂನು ಬೇರೆಯೇ ಬುದ್ಧಿ ಹೇಳುತ್ತದೆ. 1942ರ ನಾಗರಿಕ ಸಂಹಿತೆಯ 1490ನೆಯ ವಿಧಿಯ ಪ್ರಕಾರ, ವಸ್ತುವನ್ನು ಬಳಸಲು ಬಾರದಂತೆ ಮಾಡುವ ಅಥವಾ ಅದರ ಬೆಲೆಯನ್ನು ಗಣನೀಯವಾಗಿ ತಗ್ಗಿಸುವ ದೋಷಗಳಿಗೆ ಮಾರುವವನೇ ಹೊಣೆ. ಹೊಣೆಯಿಲ್ಲವೆಂದು ಒಪ್ಪಂದದಲ್ಲಿ ಬರೆಸಿಕೊಂಡರೂ, ಗೊತ್ತಿದ್ದ ದೋಷವನ್ನು ದುರುದ್ದೇಶದಿಂದ ಮುಚ್ಚಿಟ್ಟಿದ್ದರೆ ಆ ಬರಹಕ್ಕೆ ಬೆಲೆಯಿಲ್ಲ. ಮುಂದಿನ ವಿಧಿಯಲ್ಲಿದೆ ಮಾರುವವನ ರಕ್ಷಣೆ: ಕೊಳ್ಳುವಾಗಲೇ ಗಿರಾಕಿಗೆ ದೋಷ ತಿಳಿದಿದ್ದರೆ ಮಾರುವವನಿಗೆ ಹೊಣೆಯಿಲ್ಲ. ಹೇಳದ ದೋಷವನ್ನು ಕಂಡ ಗಿರಾಕಿ ಸಾಮಾನ್ಯವಾಗಿ ಎಂಟು ದಿನಗಳೊಳಗೆ ತಿಳಿಸಬೇಕು. ದಾವೆ ಹೂಡಲು ವಸ್ತು ಕೈಸೇರಿದಂದಿನಿಂದ ಒಂದು ವರ್ಷದ ಅವಧಿಯಿದೆ. ಹೀಗಾಗಿ ‘ಎಂಜಿನ್ನು ಬಿಚ್ಚಿ ಸರಿಮಾಡಬೇಕಾಗಿದೆ, ಎರಡನೆಯ ಸಿಲಿಂಡರಿನಲ್ಲಿ ಒತ್ತಡ ಕಡಿಮೆ’ ಎಂದು ಜಾಹೀರಾತಿನಲ್ಲೇ ಬರೆದವನು ಆ ವರ್ಷವಿಡೀ ನೆಮ್ಮದಿಯಾಗಿ ನಿದ್ರಿಸುತ್ತಾನೆ. ‘ಸ್ವಲ್ಪ ಟ್ಯೂನಿಂಗ್ ಮಾಡಿಸಿದರೆ ಸಾಕು’ ಎಂದು ಬರೆದವನು ಬಾಗಿಲು ತಟ್ಟಿದಾಗಲೆಲ್ಲ ಬೆಚ್ಚುತ್ತಾನೆ.

ಬಲ್ಲ ಗಿರಾಕಿಯ ನಡವಳಿಕೆಯನ್ನು ನೋಡುವುದೇ ಒಂದು ಪಾಠ. ಅವನು ಬಾನೆಟ್ಟನ್ನು ಮೊದಲು ಎತ್ತುವುದಿಲ್ಲ. ನೆಲದ ಮೇಲೆ ಮಲಗಿ ಕಾರಿನ ಹೊಟ್ಟೆಯನ್ನು ನೋಡುತ್ತಾನೆ. ಕಾಲಿಡುವ ತಳ, ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ, ಜ್ಯಾಕು ಕೊಡುವ ಜಾಗ ಇವುಗಳನ್ನು ಬೆರಳಿನಿಂದ ಒತ್ತುತ್ತಾನೆ. ತುಕ್ಕು ಒಳಗೊಳಗೇ ತಿಂದಿದ್ದರೆ ತಗಡು ಹಪ್ಪಳದಂತೆ ಮುರಿಯುತ್ತದೆ. ಜುಲಿಯೆಟ್ಟಾದಲ್ಲಿ ಮೈಯೇ ಚೌಕಟ್ಟು. ಮೈ ಹೋದರೆ ಎಲ್ಲವೂ ಹೋದಂತೆ. ಎಂಜಿನ್ನಿನ ಕೆಲಸಕ್ಕೆ ಕೊನೆಯುಂಟು, ತುಕ್ಕಿನ ಕೆಲಸಕ್ಕೆ ಕೊನೆಯಿಲ್ಲ. ತಳ ಗಟ್ಟಿಯಾಗಿದ್ದು, ಎಂಜಿನ್ನು ಮಾತ್ರ ಕೆಟ್ಟಿದ್ದರೆ ಅವನ ಮುಖದಲ್ಲಿ ನಗೆ ಮೂಡುತ್ತದೆ. ಚತುರನಾದರೆ ಅದನ್ನು ತೋರಗೊಡುವುದಿಲ್ಲ. ಮಾರುವವರು ತಳಭಾಗದ ಭಾವಚಿತ್ರಗಳನ್ನು ಮೊದಲೇ ತೆಗೆಸಿ ಕೊಟ್ಟರೆ ದೂರದೂರಿನ ಗಿರಾಕಿಯೂ ಧೈರ್ಯವಾಗಿ ಬರುತ್ತಾನೆ. ಅವು ಷೆಡ್ಡಿನ ಮುಂದೆ ಮೊಮ್ಮಗಳನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿ ತೆಗೆದ ಚಿತ್ರಕ್ಕಿಂತ ಹೆಚ್ಚು ಉಪಯುಕ್ತ.

ಹರಾಜಿಗೆ ಕೊಡುವವರು ಸಂಸ್ಥೆಯ ಕಮಿಷನ್ನನ್ನು, ಸಾಗಣೆಯ ಖರ್ಚನ್ನು ಮೊದಲೇ ಕೇಳಿ ತಿಳಿಯಬೇಕು; ಇಷ್ಟಕ್ಕಿಂತ ಕಡಿಮೆಗೆ ಕೊಡೆನೆಂಬ ಕನಿಷ್ಠ ಬೆಲೆಯನ್ನು ಗುಟ್ಟಾಗಿ ನಿಗದಿಪಡಿಸಿಕೊಳ್ಳಬಹುದು. ಮನೆಯಲ್ಲೇ ಮಾರುವವರು ನಾಲ್ಕಾರು ಗಿರಾಕಿಗಳು ಬಂದುಹೋಗುವವರೆಗೆ ಕಾಯುವುದೊಳ್ಳೆಯದು. ಮೊದಲ ದಿನವೇ ನೋಟಿನ ಕಟ್ಟು ಹಿಡಿದು ಬರುವವನು ಸಾಮಾನ್ಯವಾಗಿ ದಲ್ಲಾಳಿ.

ವ್ಯಾಪಾರ ಕುದುರಿ ಲಾರಿ ಬಾಗಿಲಿಗೆ ಬಂದ ದಿನ ಕಾರಿನೊಡನೆ ಹೋಗಬೇಕಾದ ವಸ್ತುಗಳು ಹಲವಿವೆ: ಎರಡನೆಯ ಬೀಗದ ಕೈ, ಹಳೆಯ ರಸೀತಿಗಳ ಕಟ್ಟು, ಕಾರ್ಖಾನೆಯವರು ಕೊಟ್ಟ ಕೈಪಿಡಿ, ಮಡಿಸಿಟ್ಟ ಮೂಲ ಮೇಲ್ಛಾವಣಿ, ಆಸನದ ಹಿಂದಿನ ಉಪಕರಣಗಳ ಚೀಲ. ಹಿರಿಯ ತಾನೇ ಒಂದು ಸಲ ಹೆಡ್ಡನ್ನು ಬಿಚ್ಚಲು ಹೊರಟು ಅರ್ಧಕ್ಕೆ ನಿಲ್ಲಿಸಿದ್ದರೆ ನಟ್ಟುಗಳನ್ನೂ ವಾಲ್ವಿನ ಬಿಲ್ಲೆಗಳನ್ನೂ ತುಂಬಿದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಷೆಡ್ಡಿನ ಗೂಡಿನಲ್ಲಿರುತ್ತದೆ. ಗುಡಿಸಿ ಸ್ವಚ್ಛಮಾಡುವ ಭರದಲ್ಲಿ ಮನೆಯವರು ಅದನ್ನು ಕಸಕ್ಕೆ ಎಸೆಯದಂತೆ ನೋಡಿಕೊಳ್ಳಬೇಕು.